ಲಿನಕ್ಸ್‌ನಲ್ಲಿ ಡಿಸ್ಕ್ ತುಂಬಿದಾಗ ಯಾವ ಡೈರೆಕ್ಟರಿಗೆ ಕೈಹಾಕಬೇಕು?

ಲಿನಕ್ಸ್‌ನಲ್ಲಿ ಸಿ ಡ್ರೈವ್, ಡಿ ಡ್ರೈವ್ ಇರುವುದಿಲ್ಲ. ಎಷ್ಟು ಡಿಸ್ಕ್ ಸೇರಿಸಿದರೂ ಎಲ್ಲವೂ / ಎಂಬ ಒಂದೇ ರೂಟ್‌ನಡಿ ಯಾವುದಾದರೊಂದು ಡೈರೆಕ್ಟರಿಗೆ (ಫೋಲ್ಡರ್‌ಗೆ) ಮೌಂಟ್ ಆಗುತ್ತವೆ, ಅಂದರೆ ಜೋಡಣೆಯಾಗುತ್ತವೆ. ಆದ್ದರಿಂದ ಜಾಗ ಇಲ್ಲವೆಂಬ ಎರರ್ ಬಂದ ಕೂಡಲೇ ಸಿಕ್ಕಿದ್ದನ್ನು ಅಳಿಸಲು ಹೋಗಬೇಡಿ. ಟರ್ಮಿನಲ್‌ನಲ್ಲಿ 'ಡಿಎಫ್ -ಎಚ್' ಕೊಟ್ಟು ತುಂಬಿರುವುದು ಯಾವ ಪಾರ್ಟಿಶನ್ (ಡಿಸ್ಕ್‌ನ ಭಾಗ) ಎಂದು ನೋಡಿ.

ತುಂಬಿದ್ದು / ಆಗಿದ್ದರೆ, ಯಾವ ಡೈರೆಕ್ಟರಿ ಎಷ್ಟು ಜಾಗ ಹಿಡಿದಿದೆ ಎಂದು ತಿಳಿಯಲು 'ಸುಡೊ ಡಿಯು -ಎಕ್ಸ್‌ಎಚ್ -ಡಿ1 /' ಕೊಡಿ (ಸುಡೊ ಎಂದರೆ ನಿರ್ವಾಹಕನ ಅಧಿಕಾರದಲ್ಲಿ ಓಡಿಸುವುದು). ಎಕ್ಸ್ ಬಿಟ್ಟರೆ ಬೇರೆ ಡಿಸ್ಕ್‌ಗಳ ಲೆಕ್ಕವೂ ಸೇರಿಕೊಳ್ಳುತ್ತದೆ. /ಪ್ರಾಕ್ ಒಳಗಿನ ಕೆಕೋರ್ ಫೈಲ್ 128 ಟಿಬಿ ಎಂದು ತೋರಿಸಿದರೆ ಗಾಬರಿ ಬೇಡ: /ಪ್ರಾಕ್ ಎಂಬುದು ಕರ್ನಲ್ (ಲಿನಕ್ಸ್‌ನ ತಿರುಳು) ತೋರಿಸುವ ನೋಟ ಮಾತ್ರ, ಡಿಸ್ಕ್‌ನಲ್ಲಿ ಒಂದು ಬೈಟೂ ಹಿಡಿಯುವುದಿಲ್ಲ.

/ಯುಎಸ್‌ಆರ್‌ನಲ್ಲಿರುವ ಪ್ರೋಗ್ರಾಮ್‌ಗಳನ್ನು ಕೈಯಾರೆ ಅಳಿಸಬಾರದು, ಅದು ಪ್ರೋಗ್ರಾಮ್‌ಗಳನ್ನು ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ನ ಕೆಲಸ. ಈಗಿನ ಉಬುಂಟು, ಫೆಡೋರಾಗಳಲ್ಲಿ /ಬಿನ್ ಎಂಬುದು /ಯುಎಸ್‌ಆರ್/ಬಿನ್‌ಗೆ ಹಾಕಿದ ಲಿಂಕ್ ಅಷ್ಟೇ. ಎರಡೆರಡು ಪ್ರತಿ ಇದೆಯಲ್ಲ ಎಂದು ಒಂದನ್ನು ತೆಗೆದರೆ ಸಿಸ್ಟಮ್ ಕೈಕೊಡುತ್ತದೆ. ಸೆಟ್ಟಿಂಗ್‌ಗಳಿರುವ /ಎಟ್ಸಿ ಚಿಕ್ಕದು, ಅಲ್ಲಿ ಜಾಗ ಹುಡುಕುವುದು ದಂಡ.

ಸರ್ವರ್‌ಗಳಲ್ಲಿ ಬಹುಪಾಲು ಸಲ ಊದಿಕೊಳ್ಳುವುದು /ವಾರ್. ಅದರೊಳಗಿನ ಲಾಗ್ ಡೈರೆಕ್ಟರಿಯನ್ನು ಮೊದಲು ನೋಡಿ. ಜರ್ನಲ್ (ಸಿಸ್ಟಮ್‌ನ ಲಾಗ್ ಸಂಗ್ರಹ) ಬೆಳೆದಿದ್ದರೆ 'ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ' ಹಳೆಯದನ್ನು ಕತ್ತರಿಸುತ್ತದೆ. ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್‌ಗಳಿಗೆ ಉಬುಂಟುವಿನಲ್ಲಿ 'ಸುಡೊ ಎಪಿಟಿ ಕ್ಲೀನ್' ಸಾಕು. /ವಾರ್/ಲಿಬ್ ಮಾತ್ರ ಮುಟ್ಟಬೇಡಿ: ಡೇಟಾಬೇಸ್‌ಗಳು, ಡಾಕರ್‌ನ ಇಮೇಜ್‌ಗಳು ಅಲ್ಲಿರುತ್ತವೆ.

ದೊಡ್ಡ ಲಾಗ್ ಫೈಲ್ ಅಳಿಸಿದರೂ ಕೆಲವೊಮ್ಮೆ ಜಾಗ ಖಾಲಿಯಾಗುವುದಿಲ್ಲ. ಡೈರೆಕ್ಟರಿಯಲ್ಲಿರುವುದು ಫೈಲ್‌ನ ಹೆಸರು ಮತ್ತು ಐನೋಡ್ (ಫೈಲ್‌ನ ವಿವರ ಇಡುವ ದಾಖಲೆ) ಸಂಖ್ಯೆ ಮಾತ್ರ. ಹೆಸರು ಹೋದರೂ ಯಾವುದೋ ಪ್ರೋಗ್ರಾಮ್ ಆ ಫೈಲನ್ನು ತೆರೆದಿಟ್ಟುಕೊಂಡಿದ್ದರೆ ಅದು ಹಿಡಿದ ಡಿಸ್ಕ್ ಬ್ಲಾಕ್‌ಗಳು ಬಿಡುಗಡೆಯಾಗವು. 'ಸುಡೊ ಎಲ್‌ಎಸ್‌ಒಎಫ್ +ಎಲ್1' (+ ನಂತರದ ಎಲ್ ದೊಡ್ಡಕ್ಷರ) ಅಂಥವನ್ನು ತೋರಿಸುತ್ತದೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿ. ಮುಂದಿನ ಸಲ ಅಳಿಸುವ ಬದಲು 'ಟ್ರಂಕೇಟ್ -ಎಸ್ 0' ಬಳಸಿ ಫೈಲನ್ನು ಬರಿದು ಮಾಡಿ.

ಜಿಬಿಗಟ್ಟಲೆ ಖಾಲಿ ಇದ್ದೂ ಅದೇ ಎರರ್ ಬಂದರೆ 'ಡಿಎಫ್ -ಐ' ನೋಡಿ. ಲಿನಕ್ಸ್‌ನ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗಲೇ, ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ, ಐನೋಡ್‌ಗಳ ಸಂಖ್ಯೆ ನಿಗದಿಯಾಗುತ್ತದೆ. ಲಕ್ಷಾಂತರ ಪುಟ್ಟ ಸೆಷನ್ ಫೈಲ್‌ಗಳು ಸೇರಿದರೆ ಅವೇ ಮುಗಿದುಹೋಗುತ್ತವೆ. ಇದಲ್ಲದೆ ಇಎಕ್ಸ್‌ಟಿ4ನಲ್ಲಿ ಸಾಮಾನ್ಯವಾಗಿ ಶೇ. 5ರಷ್ಟು ಜಾಗ ರೂಟ್ ಬಳಕೆದಾರನಿಗೆಂದೇ (ಸಿಸ್ಟಮ್‌ನ ನಿರ್ವಾಹಕನಿಗೆ) ಮೀಸಲು. 500 ಜಿಬಿ ಡಿಸ್ಕ್‌ನಲ್ಲಿ ಅದು 25 ಜಿಬಿ. ಬರೀ ಡೇಟಾ ಇಡುವ ಪಾರ್ಟಿಶನ್ ಆದರೆ 'ಟ್ಯೂನ್2ಎಫ್‌ಎಸ್ -ಎಂ 1' ಕೊಟ್ಟು ಶೇ. 1ಕ್ಕೆ ಇಳಿಸಬಹುದು.

ಡಿಎಫ್ ಮತ್ತು ಡಿಯು ಲೆಕ್ಕ ಇನ್ನೂ ತಾಳೆಯಾಗದಿದ್ದರೆ, ಮೌಂಟ್ ಆದ ಡಿಸ್ಕ್‌ನ ಅಡಿಯಲ್ಲಿ ಹಳೆಯ ಫೈಲ್‌ಗಳು ಮುಚ್ಚಿಹೋಗಿರಬಹುದು. ಬ್ಯಾಕಪ್ ಡಿಸ್ಕ್ ಮೌಂಟ್ ಆಗದ ರಾತ್ರಿ ಬ್ಯಾಕಪ್ ಓಡಿದರೆ ಹೀಗೇ ಆಗುವುದು. 'ಸುಡೊ ಮೌಂಟ್ --ಬೈಂಡ್ / /ಎಂಎನ್‌ಟಿ' ಕೊಟ್ಟು /ಎಂಎನ್‌ಟಿ ಮೇಲೆ ಡಿಯು ಓಡಿಸಿ. ಅಡಗಿದ್ದೆಲ್ಲ ಅಲ್ಲಿ ಕಾಣುತ್ತದೆ. ಅಳಿಸಿದ ಮೇಲೆ ಅನ್‌ಮೌಂಟ್ ಮಾಡಲು ಮರೆಯಬೇಡಿ.