ಸೋಲಾರ್ ಬಿಸಿನೀರಿನ ಟ್ಯಾಂಕ್ ಬದಲಿಸುವಾಗ: ಕಾಸರಗೋಡಿನ ನೀರಿಗೆ ಯಾವುದು ಬಾಳುತ್ತದೆ?

ಟ್ಯಾಂಕ್ ಸೋರುತ್ತಿದೆ ಎಂದಾದರೆ ಮೊದಲು ಎಲ್ಲಿಂದ ಎಂದು ನೋಡಿ. ಗಾಜಿನ ಟ್ಯೂಬ್ ಟ್ಯಾಂಕಿನೊಳಗೆ ಹೋಗುವ ಬಾಯಿಯಲ್ಲಿ ತೊಟ್ಟಿಕ್ಕುತ್ತಿದ್ದರೆ ಅದು ಸಿಲಿಕಾನ್ ರಿಂಗಿನ ತೊಂದರೆ, ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ತುದಿಯ ಮುಚ್ಚಳದ ಅಂಚಿನಿಂದ ಕಂದು ನೀರು, ಜತೆಗೆ ಟ್ಯಾಂಕಿನ ಸುತ್ತ ಶಾಖ ಉಳಿಸಲು ತುಂಬಿದ ಹಳದಿ ಫೋಮಿನ ಪುಡಿ ಇಳಿಯುತ್ತಿದ್ದರೆ ಒಳಗಿನ ಟ್ಯಾಂಕೇ ತೂತಾಗಿದೆ. ಆಗ ಮೇಲಿನಿಂದ ಎಂ-ಸೀಲ್ ಮೆತ್ತಿ ಪ್ರಯೋಜನವಿಲ್ಲ. ನೀರು ಫೋಮಿನೊಳಗೆ ಹರಿದು ತೂತಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಹೊರಬರುತ್ತದೆ. ವೆಲ್ಡಿಂಗ್ ಮಾಡಿಸಲು ಹೋದರೆ ಫೋಮ್ ಸುಡುತ್ತದೆ, ಪಕ್ಕದಲ್ಲಿ ಇನ್ನೊಂದು ತೂತು ಆಗಲೇ ತಯಾರಾಗುತ್ತಿರುತ್ತದೆ.

ಅದೇ ಕಂಪೆನಿಯ ಅದೇ ಟ್ಯಾಂಕನ್ನು ಮತ್ತೆ ತರುವ ಮೊದಲು ನೀರು ಪರೀಕ್ಷೆ ಮಾಡಿಸಿ. ನಮ್ಮ ಜಿಲ್ಲೆಯಲ್ಲಿ ಟ್ಯಾಂಕ್ ಹಾಳಾಗುವುದು ಹೆಚ್ಚಾಗಿ ನೀರಿನಿಂದ, ಮತ್ತು ನೀರು ಎಲ್ಲ ಕಡೆ ಒಂದೇ ಅಲ್ಲ. ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಯ ಮುರಕಲ್ಲಿನ ಬಾವಿ, ಗುಡ್ಡ ಕೊರೆದು ನೀರು ತೆಗೆಯುವ ಸುರಂಗಗಳ ನೀರು ಮೆದು, ಆದರೆ ಹುಳಿ, ಪಿಎಚ್ 6.5ಕ್ಕಿಂತ ಕೆಳಗೆ ಇರುವುದು ಸಾಮಾನ್ಯ. ಮಂಜೇಶ್ವರ, ಉಪ್ಪಳ, ಕುಂಬಳೆಯ ಸಮುದ್ರದ ಬದಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಪ್ಪು ಏರುತ್ತದೆ. ಆದ್ದರಿಂದ ಸ್ಯಾಂಪಲ್ ತೆಗೆಯಬೇಕಾದ್ದು ಮೇ ತಿಂಗಳಲ್ಲಿ, ಬಾವಿ ತುಂಬಿರುವ ಮಳೆಗಾಲದಲ್ಲಲ್ಲ. ಪಿಎಚ್ (ಹುಳಿಯ ಅಳತೆ), ಕ್ಲೋರೈಡ್ (ಉಪ್ಪಿನ ಅಂಶ), ಗಡಸುತನ, ಕಬ್ಬಿಣ ಈ ನಾಲ್ಕು ಗೊತ್ತಾದರೆ ಸಾಕು.

ಕುಡಿಯುವ ನೀರಿಗೆ ಲೀಟರಿಗೆ 250 ಮಿ.ಗ್ರಾಂ. ಕ್ಲೋರೈಡ್ ಸ್ವೀಕಾರಾರ್ಹ. ಆದರೆ 60-70 ಡಿಗ್ರಿಗೆ ಕಾಯುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಳಾಗಲು ಅಷ್ಟು ಉಪ್ಪು ಬೇಕಾಗಿಲ್ಲ. ಬೆಸುಗೆಯ ಗೆರೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳಲು ಅದಕ್ಕಿಂತ ಕಡಿಮೆ ಸಾಕು. ಅಂದರೆ ನೀವು ಕುಡಿಯುವ ನೀರೇ ಟ್ಯಾಂಕನ್ನು ತಿನ್ನಬಹುದು. ಕ್ಲೋರೈಡ್ 200ರ ಹತ್ತಿರ ಇದ್ದರೆ 304ರ ಆಸೆ ಬಿಟ್ಟು, ಒಳಗೆ ಎನಾಮೆಲ್ ಲೇಪವಿದ್ದು, ಟ್ಯಾಂಕಿನ ಬದಲು ತಾನು ಸವೆಯುವ ಮೆಗ್ನೀಸಿಯಂ ರಾಡ್ ಇರುವ ಟ್ಯಾಂಕ್ ತನ್ನಿ. ಹುಳಿ ನೀರಿಗೂ ಅದೇ ಸರಿ, ರಾಡ್ ಮಾತ್ರ ಬೇಗ ಸವೆಯುತ್ತದೆ. ಬಕೆಟಿನಲ್ಲೋ ಬಚ್ಚಲಿನ ಟೈಲ್ಸಿನಲ್ಲೋ ನೀಲಿ-ಹಸಿರು ಕಲೆ ಕಾಣುತ್ತಿದ್ದರೆ ನೀರು ತಾಮ್ರವನ್ನು ಕರಗಿಸುತ್ತಿದೆ. ಅಂಥಲ್ಲಿ ಗಾಜಿನ ಟ್ಯೂಬಿನ ಬದಲು ತಾಮ್ರದ ಕೊಳವೆಯಿರುವ ಫ್ಲ್ಯಾಟ್ ಪ್ಲೇಟ್ ಮಾದರಿಯ ಹೀಟರ್ ಬೇಡ.

ಹಳೆಯ ಟ್ಯೂಬ್ ಮತ್ತು ಸ್ಟ್ಯಾಂಡ್ ಉಳಿಸಿಕೊಳ್ಳುವುದಾದರೆ ಅಳತೆ ತಪ್ಪಬಾರದು. ಟ್ಯೂಬಿನ ವ್ಯಾಸ 47 ಅಥವಾ 58 ಮಿ.ಮೀ., ಉದ್ದ 1500 ಅಥವಾ 1800. ತೂತಿನ ನಡುವಿನಿಂದ ಮುಂದಿನ ತೂತಿನ ನಡುವಿಗೆ ಎಷ್ಟು, ಮೊದಲ ಟ್ಯೂಬಿನಿಂದ ಕೊನೆಯದಕ್ಕೆ ಒಟ್ಟು ಎಷ್ಟು ಎಂದು ಎರಡನ್ನೂ ಬರೆದುಕೊಳ್ಳಿ. ತೂತಿಗೊಂದು ಮಿಲಿಮೀಟರ್ ವ್ಯತ್ಯಾಸ ಬಂದರೂ ಇಪ್ಪತ್ತನೇ ಟ್ಯೂಬಿನ ಹೊತ್ತಿಗೆ ಎರಡು ಸೆಂಟಿಮೀಟರ್ ಆಗಿ, ಟ್ಯೂಬಿನ ಬುಡ ಸ್ಟ್ಯಾಂಡಿನ ಕೆಳಗಿನ ಕಪ್ಪಿನಲ್ಲಿ (ಬಟ್ಟಲಿನಲ್ಲಿ) ಕೂರುವುದಿಲ್ಲ.

ಕೆಲಸಕ್ಕೆ ಮುಂಚಿನ ಸಂಜೆಯೇ ಟ್ಯೂಬುಗಳ ಮೇಲೆ ಟಾರ್ಪಾಲ್ ಹೊದಿಸಿ, ಬಿಸಿನೀರು ಖರ್ಚು ಮಾಡಿ. ಬೆಳಿಗ್ಗೆ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲಿನ ಎಂಸಿಬಿ ಸ್ವಿಚ್ ಆಫ್ ಮಾಡಿ, ತಣ್ಣೀರಿನ ವಾಲ್ವ್ ಮುಚ್ಚಿ, ಡ್ರೈನ್ ತೆರೆಯಿರಿ. ಟ್ಯಾಂಕ್ ಖಾಲಿಯಾದರೂ ಟ್ಯೂಬುಗಳಲ್ಲಿ ನೀರು ಇರುತ್ತದೆ, 58ರ ದೊಡ್ಡ ಟ್ಯೂಬಿನಲ್ಲಿ ಎರಡೂವರೆ ಲೀಟರಿಗೂ ಹೆಚ್ಚು. ಟ್ಯೂಬನ್ನು ತಿರುಗಿಸುತ್ತ ಮೇಲಕ್ಕೆ ದೂಡಿ, ಬುಡವನ್ನು ಕಪ್ಪಿನಿಂದ ಬಿಡಿಸಿ, ಕೆಳಕ್ಕೆ ಎಳೆಯಿರಿ. ಅಂಟಿಕೊಂಡಿದ್ದರೆ ಸಾಬೂನು ನೀರು ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಒಬ್ಬರೇ ಮಾಡುವ ಕೆಲಸ ಇದಲ್ಲ.

ತೆಗೆದ ಪ್ರತಿ ಟ್ಯೂಬಿನ ಬುಡ ನೋಡಿ. ಕನ್ನಡಿಯಂತೆ ಬೆಳ್ಳಿ ಬಣ್ಣ ಇದ್ದರೆ ನಿರ್ವಾತ ಉಳಿದಿದೆ. ಆ ಭಾಗ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಗೆ ಹೋಗಿದೆ. ಗಾಜು ಒಡೆಯದಿದ್ದರೂ ಆ ಟ್ಯೂಬ್ ಶಾಖ ಹಿಡಿಯುವುದಿಲ್ಲ, ಬಿಸಾಡಿ. ಒಳಗೆ ಕಂದು ಲೋಳೆ ಇದ್ದರೆ ಅದು ಬಾವಿಯ ಕಬ್ಬಿಣ, ಬ್ರಷ್ ಹಾಕಿ ತೊಳೆದರೆ ಹೋಗುತ್ತದೆ. ಬಿಳಿ ಕಿಟ್ಟ ಕೊಳವೆಬಾವಿಯ ಗಡಸು ನೀರಿನದು. ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ ಒಂದು ರಾತ್ರಿ ತುಂಬಿಸಿಡಿ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಒಂದಿಷ್ಟು ಟ್ಯಾಂಕಿಗೆ ಸೇರಿದರೂ ಸ್ಟೀಲಿಗೆ ಕುತ್ತು.

ಸ್ಟ್ಯಾಂಡ್ ದಕ್ಷಿಣಕ್ಕೆ ಮುಖ ಮಾಡಿರಲಿ. ಇಪ್ಪತ್ತು ದೊಡ್ಡ ಟ್ಯೂಬುಗಳ 200 ಲೀಟರಿನ ಹೀಟರ್ ನೀರು ತುಂಬಿದಾಗ 300 ಕಿಲೋ ದಾಟುತ್ತದೆ, ಕಾಲುಗಳು ಗೋಡೆ ಅಥವಾ ಬೀಮಿನ ಮೇಲೆ ಬರುವಂತೆ ನೋಡಿ. ಸ್ಲ್ಯಾಬಿಗೆ ಡ್ರಿಲ್ ಹಾಕುವ ಬದಲು ಕಾಂಕ್ರೀಟ್ ಕಟ್ಟೆ ಮಾಡಿ ಅದಕ್ಕೆ ಬೋಲ್ಟ್ ಕೊಟ್ಟರೆ ಮಳೆಗಾಲದಲ್ಲಿ ಮಾಡು ಸೋರುವ ತಲೆನೋವಿಲ್ಲ. ತೆಂಗಿನ ಮಡಲು ಬೀಳುವ ಜಾಗ ಬೇಡವೆಂದು ಹೇಳಬೇಕಾಗಿಲ್ಲ, ಆದರೂ ಅಂಥಲ್ಲೇ ಇಟ್ಟ ಮನೆಗಳು ಬೇಕಾದಷ್ಟಿವೆ.

ರಿಂಗುಗಳೆಲ್ಲ ಹೊಸವೇ ಆಗಬೇಕು. ಜಾರಲು ಸಾಬೂನು ನೀರು ಮಾತ್ರ. ಎಣ್ಣೆ, ಗ್ರೀಸ್ ಹಚ್ಚಿದರೆ ರಿಂಗ್ ಉಬ್ಬಿ ಹಾಳಾಗುತ್ತದೆ. ಟ್ಯಾಂಕಿನ ಎರಡು ತುದಿಯಿಂದ ಒಂದೊಂದು ಟ್ಯೂಬ್ ಮೊದಲು ಹಾಕಿ ಮಟ್ಟ ನೋಡಿ, ಆಮೇಲೆ ನಡುವಿನವು.

ಹೆಚ್ಚು ಜನ ಎಡವುವುದು ಏರ್ ವೆಂಟಿನಲ್ಲಿ, ಅಂದರೆ ಟ್ಯಾಂಕಿಗೆ ಗಾಳಿಯಾಡುವ ಪೈಪಿನಲ್ಲಿ. ಟ್ಯಾಂಕಿನ ತಲೆಯಿಂದ ಮುಕ್ಕಾಲು ಇಂಚಿನ ಪೈಪ್ ನೇರ ಮೇಲೆ ಹೋಗಿ, ತಣ್ಣೀರಿನ ಟ್ಯಾಂಕಿನ ಗರಿಷ್ಠ ಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಎತ್ತರದಲ್ಲಿ ಕೆಳಮುಖವಾಗಿ ಬಾಗಬೇಕು. ಅದಕ್ಕೆ ವಾಲ್ವ್ ಇರಕೂಡದು. ಕಣಜ ಮಣ್ಣಿನ ಗೂಡು ಕಟ್ಟಿ ಪೈಪ್ ಮುಚ್ಚಿದರೆ, ನೀರು ಖಾಲಿಯಾಗುವಾಗ ಒಳಗೆ ಗಾಳಿ ಬರದೆ ಟ್ಯಾಂಕ್ ಒಳಕ್ಕೆ ಕುಸಿಯುತ್ತದೆ. ಬಾಯಿಗೆ ಸ್ಟೀಲ್ ಜಾಲರಿ ಕಟ್ಟಿ, ವರ್ಷಕ್ಕೊಮ್ಮೆ ನೋಡಿ. ಪ್ರೆಷರ್ ಪಂಪಿನ ಲೈನನ್ನು ಇಂಥ ಟ್ಯಾಂಕಿಗೆ ಎಂದೂ ಕೊಡಬೇಡಿ.

ತಣ್ಣೀರು ಟ್ಯಾಂಕಿನ ಅಡಿಯಿಂದ ಒಳಗೆ ಬರಲಿ, ಲೈನಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇರಲಿ. ಹೀಟರಿನ ಹತ್ತಿರದ ಪೈಪ್ ಪಿವಿಸಿ ಆಗಬಾರದು, ಬಿಸಿಗೆ ಬಾಗುತ್ತದೆ. ಬಿಸಿನೀರು ತಾಳುವ ಸಿಪಿವಿಸಿ ಹಾಕಿ, ಬಿಸಿನೀರಿನ ಲೈನಿಗೆ ನೈಟ್ರೈಲ್ ಫೋಮ್ ಸುತ್ತಿ.

ನೀರು ತುಂಬುವುದು ಸೂರ್ಯ ಏರುವ ಮೊದಲು ಅಥವಾ ಕತ್ತಲಾದ ಮೇಲೆ. ಬಿಸಿಲಿನಲ್ಲಿ ಖಾಲಿ ನಿಂತ ಟ್ಯೂಬ್ 200 ಡಿಗ್ರಿಯ ಸುತ್ತ ಕಾದಿರುತ್ತದೆ, ತಣ್ಣೀರು ತಾಗಿದರೆ ಚೂರುಚೂರು. ಮಧ್ಯಾಹ್ನ ಕೆಲಸ ಮುಗಿದರೆ ಟಾರ್ಪಾಲ್ ಹಾಗೇ ಇರಲಿ, ಅವಸರ ಬೇಡ.

ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲಿಲ್ಲ, ಬಿಸಿನೀರು ಬೇಕಾಗುವುದೂ ಆಗಲೇ. 2 ಕಿಲೋವ್ಯಾಟಿನ ಕಾಯಿಲ್ 200 ಲೀಟರನ್ನು 20 ಡಿಗ್ರಿ ಏರಿಸಲು ಸುಮಾರು ಎರಡೂಕಾಲು ಗಂಟೆ ಬೇಕು, ನಾಲ್ಕೂವರೆ ಯೂನಿಟಿಗೂ ಮಿಕ್ಕಿ ಕರೆಂಟ್. 16 ಆಂಪಿಯರಿನ ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಕಾಯಿಲ್ ಬೇಡ. ಅಡಿಕೆ ಸಿಪ್ಪೆ, ತೆಂಗಿನ ಗೆರಟೆ ಇರುವ ಮನೆಯವರು ಬಚ್ಚಲಿನ ಹಂಡೆಯನ್ನು ಉಳಿಸಿಕೊಳ್ಳುವುದೇ ಜಾಣತನ.

ಮುಂದಿನ ಆರೈಕೆ ಹೆಚ್ಚೇನಿಲ್ಲ. ತಿಂಗಳಿಗೊಮ್ಮೆ ಡ್ರೈನಿನಿಂದ ಒಂದು ಬಕೆಟ್ ನೀರು ಬಿಡಿ, ಕೆಸರು ಹೋಗುತ್ತದೆ. ಮಳೆ ಮುಗಿದ ಮೇಲೆ ರಾಡ್ ಬಿಚ್ಚಿ ನೋಡಿ. ನಡುವಿನ ತಂತಿ ಕಾಣತೊಡಗಿದ್ದರೆ ಹೊಸದು ಹಾಕಿ. ಹುಳಿ ನೀರಿನವರು ಆರು ತಿಂಗಳಿಗೊಮ್ಮೆ ನೋಡಲಿ. ಮನೆ ಬದಿಯ ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವಾಗ ಟ್ಯೂಬುಗಳನ್ನು ಮುಚ್ಚಿಡಿ, ಸುಣ್ಣದ ಕಲೆ ಒಣಗಿದ ಮೇಲೆ ಗಾಜಿನಿಂದ ಬಿಡುವುದಿಲ್ಲ.

ಹಳೆ ಟ್ಯಾಂಕನ್ನು ಗುಜರಿಗೆ ಕೊಡುವಾಗ ಒಳಗಿನ ಸ್ಟೀಲ್ ಬೇರೆ, ಹೊರಗಿನ ತಗಡು ಬೇರೆ ಮಾಡಿ; ದರ ಒಂದೇ ಅಲ್ಲ. ಫೋಮನ್ನು ತೋಟದ ಮೂಲೆಯಲ್ಲಿ ಸುಡಬೇಡಿ, ಅದರ ಹೊಗೆ ವಿಷ.