ಖರ್ಚು ಒಬ್ಬರದು, ಉಳಿತಾಯ ಇನ್ನೊಬ್ಬರದು: ಇಲಾಖೆಗಳ ಜಂಟಿ ನಿಧಿಯನ್ನು ನಾವು ಕಟ್ಟಿದ ಬಗೆ

ಮನೆಯ ಗೋಡೆ ತೇವಗೊಂಡು ಬೂಷ್ಟು ಹಿಡಿದರೆ ಮಗುವಿನ ಆಸ್ತಮಾ ಕೆರಳುತ್ತದೆ. ಗೋಡೆ ರಿಪೇರಿಗೆ ಹಣ ಕೊಡಬೇಕಾದದ್ದು ವಸತಿ ಇಲಾಖೆ. ಚಿಕಿತ್ಸೆಯ ಖರ್ಚು ಉಳಿಯುವುದು ಆರೋಗ್ಯ ಇಲಾಖೆಗೆ. ಮಗು ಶಾಲೆ ತಪ್ಪಿಸದಿದ್ದರೆ ಅದರ ಫಲ ಶಿಕ್ಷಣ ಇಲಾಖೆಗೆ. ತಂತಮ್ಮ ಲೆಕ್ಕದಲ್ಲಿ ನೋಡಿದರೆ ಯಾರಿಗೂ ಇದು ಗಿಟ್ಟುವುದಿಲ್ಲ, ಹಾಗಾಗಿ ಗೋಡೆ ಹಾಗೇ ಉಳಿಯುತ್ತದೆ.

ಇಲಾಖೆಗಳ ಹಣವನ್ನು ಒಂದೆಡೆ ಕೂಡಿಸುವ ಜಂಟಿ ನಿಧಿ ಕಟ್ಟಲು ನಾವು ಮೊದಲು ಕೂತದ್ದು ಈ ಲೆಕ್ಕಕ್ಕೇ. ಉದಾಹರಣೆಗೆ, ಕೆಲಸದ ವೆಚ್ಚ 100 ಎಂದಿಟ್ಟುಕೊಳ್ಳಿ. ಅದರಿಂದ ಆರೋಗ್ಯಕ್ಕೆ 40, ವಸತಿಗೆ 35, ಸಮಾಜ ಕಲ್ಯಾಣಕ್ಕೆ 25, ಶಿಕ್ಷಣಕ್ಕೆ 20ರಷ್ಟು ಲಾಭ. ಒಂಟಿಯಾಗಿ ಕೇಳಿದರೆ ನಾಲ್ವರೂ ಒಲ್ಲೆ ಎನ್ನುತ್ತಾರೆ. ಕೂಡಿಸಿದರೆ 120. ಲಾಭದ ಅನುಪಾತದಲ್ಲೇ ವೆಚ್ಚ ಹಂಚಿದರೆ ಆರೋಗ್ಯ ಸುಮಾರು 33, ವಸತಿ 29, ಕಲ್ಯಾಣ 21, ಶಿಕ್ಷಣ 17 ಹಾಕಬೇಕು. ಪ್ರತಿಯೊಬ್ಬರೂ ಹಾಕಿದ್ದಕ್ಕಿಂತ ಹೆಚ್ಚು ಪಡೆಯುತ್ತಾರೆ. ಈ ಅಂಕಿಗಳನ್ನು ಆಯಾ ಇಲಾಖೆಯ ಲೆಕ್ಕಾಧಿಕಾರಿಗಳೇ ಹಾಕಬೇಕು. ಆರೋಗ್ಯದವರು ಬರೆದುಕೊಟ್ಟ ಅಂಕಿಯನ್ನು ಉಳಿದವರು ನಂಬುವುದಿಲ್ಲ, ನಂಬಲೂಬಾರದು.

ಪಾಲನ್ನು ಕಾನೂನಿನಲ್ಲೇ ಬರೆದಿಡುವ ದಾರಿಯೂ ಇದೆ. ಸ್ವೀಡನ್ನಿನಲ್ಲಿ 2004ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ, ಕಾಯಿಲೆ ಬಿದ್ದವರನ್ನು ಮತ್ತೆ ದುಡಿಮೆಗೆ ಅಣಿಗೊಳಿಸುವ ಪುನರ್ವಸತಿಯ ಜಂಟಿ ನಿಧಿಗೆ ಕೇಂದ್ರ ಸರ್ಕಾರ ಅರ್ಧ, ಪ್ರಾಂತ್ಯ ಕಾಲು, ಸ್ಥಳೀಯ ಆಡಳಿತ ಕಾಲು ಭಾಗ ಹಾಕುತ್ತವೆ. ಪ್ರತಿ ವರ್ಷ ಚೌಕಾಸಿ ಬೇಕಿಲ್ಲ.

ನಂತರದ್ದು ಒಡಂಬಡಿಕೆ. ಖಾತೆ ಯಾರ ಬಳಿ, ಯಾವ ತಾರೀಕಿಗೆ ಎಷ್ಟು ಕಂತು, ಹೆಚ್ಚುವರಿ ಖರ್ಚು ಬಿದ್ದರೆ ಯಾರು ಹೊರಬೇಕು, ಉಳಿದ ಹಣ ಮುಂದಿನ ವರ್ಷಕ್ಕೆ ಹೋಗುತ್ತದೆಯೇ, ಹೊರಬರಲು ಎಷ್ಟು ತಿಂಗಳ ನೋಟಿಸ್, ಇಷ್ಟೂ ಬರಹದಲ್ಲಿರಬೇಕು. ನಿಧಿಗೆ ಪ್ರತ್ಯೇಕ ಲೆಕ್ಕಶೀರ್ಷಿಕೆಯನ್ನು, ಅಂದರೆ ಬಜೆಟ್‌ನಲ್ಲಿ ಆ ಹಣಕ್ಕೇ ಮೀಸಲಾದ ಬಾಬ್ತನ್ನು, ಬಜೆಟ್ ಮಂಡನೆಗೆ ಮುಂಚೆಯೇ ತೆರೆಸಬೇಕು. ತಡವಾದರೆ ಹಣ ಹಳೆಯ ಶೀರ್ಷಿಕೆಯಡಿ ಕೂತು, ವರ್ಷಾಂತ್ಯದಲ್ಲಿ ಖಜಾನೆಗೆ ವಾಪಸ್ಸಾಗುತ್ತದೆ. ಆಡಿಟ್‌ನವರನ್ನು ಮೊದಲ ಸಭೆಗೇ ಕರೆಯಿರಿ. ವಸತಿಯ ಹಣದಿಂದ ಆರೋಗ್ಯದ ಗುರಿ ಏಕೆ ಎಂಬ ಪ್ರಶ್ನೆ ಅವರಿಂದ ಬಂದೇ ಬರುತ್ತದೆ. ಅನುಮತಿ ಮೊದಲೇ ಕಾಗದದ ಮೇಲಿದ್ದರೆ ಕೆಲಸ ನಡುವೆ ನಿಲ್ಲದು.

ಎಡವುವ ಕಡೆಗಳು ಹಲವು. ಮೊದಲಿನಿಂದ ಮಾಡುತ್ತಿದ್ದ ಖರ್ಚಿಗೇ ಹೊಸ ಹೆಸರಿಟ್ಟು ನಿಧಿಗೆ ಸೇರಿಸುವುದು ಅತಿ ಸಾಮಾನ್ಯ. ಕಾಗದದಲ್ಲಿ ನಿಧಿ ದೊಡ್ಡದಾಗುತ್ತದೆ, ಹೊಸ ಕೆಲಸ ಒಂದೂ ಆಗುವುದಿಲ್ಲ. ಹಿಂದಿನ ಮೂರು ವರ್ಷಗಳ ಖರ್ಚಿನ ಸರಾಸರಿಯನ್ನು ಪಕ್ಕಕ್ಕಿಟ್ಟು, ಅದರ ಮೇಲಿನದನ್ನು ಮಾತ್ರ ವಂತಿಗೆ ಎಂದು ಎಣಿಸಿ. ಹಣದ ಬದಲು ಸಿಬ್ಬಂದಿಯನ್ನೋ ಕಟ್ಟಡವನ್ನೋ ಕೊಡುವವರಿದ್ದರೆ ಅದರ ಬೆಲೆ ಕಟ್ಟುವ ಕ್ರಮವನ್ನು ಮೊದಲೇ ಒಪ್ಪಿಸಿಕೊಳ್ಳಿ.

ನಮಗೆ ಹೆಚ್ಚು ಚಿಂತೆ ತಂದದ್ದು ಉಳಿತಾಯದ ನಿರೀಕ್ಷೆ. ಇಂಗ್ಲೆಂಡಿನ ಬೆಟರ್ ಕೇರ್ ಫಂಡ್ ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಹಣವನ್ನು ಕೂಡಿಸಿ, 2015-16ರಲ್ಲಿ ಆಸ್ಪತ್ರೆಗಳ ತುರ್ತು ದಾಖಲಾತಿಯನ್ನು 1,06,000ದಷ್ಟು ಇಳಿಸುವ ಗುರಿ ಇಟ್ಟುಕೊಂಡಿತ್ತು. ಇಳಿಯುವ ಬದಲು 87,000 ಹೆಚ್ಚಾಯಿತು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ವರದಿ ಮಾಡಿತು. ಒಂದು ಹಾಸಿಗೆ ಖಾಲಿಯಾದರೆ ಕಾಯುತ್ತಿರುವ ಇನ್ನೊಬ್ಬ ರೋಗಿ ಅಲ್ಲಿಗೆ ಬರುತ್ತಾನೆ. ವಾರ್ಡು ಮುಚ್ಚುವುದಿಲ್ಲ, ಸಂಬಳ ನಿಲ್ಲುವುದಿಲ್ಲ, ಕೈಗೆ ನಗದು ಬರುವುದಿಲ್ಲ. ಆ ರೋಗಿಗೆ ಚಿಕಿತ್ಸೆ ಸಿಕ್ಕಿದ್ದು ನಿಜವಾದ ಲಾಭವೇ. ಆದರೆ ಮುಂದಿನ ವರ್ಷದ ವಂತಿಗೆಯನ್ನು ಆ ಉಳಿತಾಯದಿಂದ ತುಂಬುತ್ತೇವೆಂದು ಹಣಕಾಸು ಇಲಾಖೆಗೆ ಮಾತು ಕೊಡಬೇಡಿ.

ಅಳತೆಗೂ ಎರಡು ಹಂತ ಬೇಕು. ಎಷ್ಟು ಮನೆಗಳ ತೇವ ನಿಂತಿತು ಎಂಬುದನ್ನು ಮೂರು ತಿಂಗಳಿಗೊಮ್ಮೆ ಎಣಿಸಿ. ಆಸ್ತಮಾದ ದಾಖಲಾತಿಯನ್ನು ವರ್ಷಕ್ಕೊಮ್ಮೆ, ಅದೇ ಋತುವಿನ ಹಿಂದಿನ ಅಂಕಿಯ ಜತೆ ಹೋಲಿಸಿ ನೋಡಿ. ಮಳೆಗಾಲದ ಅಂಕಿಯನ್ನು ಬೇಸಿಗೆಯ ಪಕ್ಕ ಇಟ್ಟರೆ ಕೆಲಸ ಚೆನ್ನಾಗಿ ನಡೆದಿದ್ದರೂ ಕೆಟ್ಟಂತೆ ಕಾಣುತ್ತದೆ, ಮರುವರ್ಷದ ಕಂತಿಗೆ ಅಲ್ಲೇ ಕತ್ತರಿ ಬೀಳುತ್ತದೆ.