ಮನೇಲಿ ಮಕ್ಕಳ ಅಂಗಡಿ ಆಟ: ಎಲೆ ನೋಟಿಂದ ಮಜ್ಜಿಗೆ ವ್ಯಾಪಾರದವರೆಗೆ

ನಮ್ ಮೈಸೂರು ಕಡೆ ದಸರಾದಲ್ಲಿ ಗೊಂಬೆ ಕೂರ್ಸೋ ಮನೆಗಳಲ್ಲಿ ಪಟ್ಟದ ಗೊಂಬೆ ಜೊತೆ ಶೆಟ್ಟರ ಅಂಗಡಿನೂ ಇಡ್ತಾರೆ. ದಪ್ಪ ಹೊಟ್ಟೆ ಶೆಟ್ರು, ಪಕ್ಕದಲ್ಲಿ ಅವರ ಹೆಂಡ್ತಿ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ ಬೇಳೆ ಮೆಣಸು. ಮಕ್ಕಳು ಮಿಕ್ಕಿದ್ದೆಲ್ಲ ಬಿಟ್ಟು ಅಲ್ಲೇ ಕೂತ್ಕೋತಾರೆ. ಆ ಆಸೆನ ಹಬ್ಬಕ್ಕೇ ಮುಗಿಸ್ಬೇಡಿ, ಬೇಸಿಗೆ ರಜೆವರೆಗೂ ಎಳ್ಕೊಂಡು ಹೋಗಬಹುದು.

ಐದಾರು ವರ್ಷದ ಮಗುಗೆ ಬರೀ ಆಟ ಸಾಕು. ಎಲೆನೇ ನೋಟು, ಕಲ್ಲೇ ಬೆಲ್ಲ ಅಂದ್ರೆ ಅನ್ಲಿ, ತಿದ್ದಕ್ಕೆ ಹೋಗ್ಬೇಡಿ. "ಅರ್ಧ ಕೆಜಿ ಮೋಡ ಕೊಡಿ ಶೆಟ್ರೇ" ಅಂತ ಕೇಳಿ ನೋಡಿ, ತೂಗಿ ಪೊಟ್ಟಣ ಕಟ್ಟಿ ಕೊಡತ್ತೆ. ಹ್ಯಾಂಗರ್‌ನ ಎರಡೂ ತುದಿಗೆ ಒಂದೇ ಸೈಜಿನ ಕರಟ ದಾರದಲ್ಲಿ ಕಟ್ಟಿ ಚಿಲಕಕ್ಕೆ ನೇತುಹಾಕಿದ್ರೆ ತಕ್ಕಡಿ ರೆಡಿ. ಅಜ್ಜಿ ಹತ್ರ ಹಳೇ ಪಾವು, ಸೇರು ಇದ್ರೆ ಅದನ್ನೂ ಕೊಡ್ಸಿ, ನಾಲ್ಕು ಪಾವಿಗೆ ಒಂದು ಸೇರು ಅನ್ನೋದು ರಾಗಿ ಸುರಿದು ಸುರಿದು ತಾನೇ ಕಂಡ್ಕೊಳ್ಲಿ.

ಆಮೇಲೆ ಒಂದಿನ ಬೆಳಿಗ್ಗೆ ದೇವರಾಜ ಮಾರ್ಕೆಟ್‌ಗೆ, ಮಂಡ್ಯ ಕಡೆಯವ್ರಾದ್ರೆ ಹತ್ತಿರದ ಸಂತೆಗೆ ಕರ್ಕೊಂಡು ಹೋಗಿ 50 ರೂಪಾಯಿ ಕೈಗೆ ಕೊಡಿ, ನಿಂಬೆಹಣ್ಣು ಕೊತ್ತಂಬರಿ ಅದೇ ಕೇಳಿ ತಗೊಳ್ಲಿ. ಬೋಣಿ ಆದ ದುಡ್ಡನ್ನ ಕಣ್ಣಿಗೆ ಒತ್ಕೊಳೋದು, ಹೂವಿನೋರು ಮೊಳ ಹಾಕೋದು, ತೂಕ ಆದ್ಮೇಲೆ ಕೊಸರು ಹಾಕೋದು, ಇದೆಲ್ಲ ನೋಡೇ ಕಲೀಬೇಕು. ಈಗ ಎಲ್ಲಾ ಕಡೆ ಫೋನಲ್ಲೇ ಸ್ಕ್ಯಾನ್ ಮಾಡ್ತೀವಲ್ಲ, ಮಕ್ಕಳಿಗೆ ಚಿಲ್ಲರೆ ಎಣಿಸೋದೇ ಕಾಣಲ್ಲ, ಅದಕ್ಕೇ ಅವತ್ತು ಕ್ಯಾಶೇ ಆಗ್ಲಿ.

ಎಂಟೊಂಬತ್ತು ವರ್ಷ ಆದ್ಮೇಲೆ ನಿಜವಾದ ವ್ಯಾಪಾರ ಮಾಡ್ಸಿ, ಏಪ್ರಿಲ್ ಬಿಸಿಲಿಗೆ ಮಜ್ಜಿಗೆಗಿಂತ ಒಳ್ಳೇದು ಇನ್ನೊಂದಿಲ್ಲ. ಅರ್ಧ ಲೀಟರ್ ಮೊಸರಿಗೆ ಒಂದೂವರೆ ಲೀಟರ್ ನೀರು ಹಾಕಿ ಕಡೆದ್ರೆ 200 ಎಂಎಲ್‌ದು 10 ಲೋಟ ಆಗತ್ತೆ. ಮೊಸರು 30 ರೂಪಾಯಿ, ಶುಂಠಿ ಕರಿಬೇವು ಕೊತ್ತಂಬರಿ ಎಲ್ಲಾ ಸೇರಿ 10 ಅಂತಿಟ್ಕೊಳ್ಳಿ, ಲೋಟಕ್ಕೆ 4 ರೂಪಾಯಿ ಅಸಲು. ಆದ್ರೆ ಒಂದು ಲೋಟ ಚೆಲ್ಲತ್ತೆ, ಒಂದು ಲೋಟ ಮಗುನೇ ಕುಡಿಯತ್ತೆ, ಉಳಿಯೋದು 8, ಅಂದ್ರೆ ಅಸಲು 5 ರೂಪಾಯಿ ಆಗೋಯ್ತು! 5 ರೂಪಾಯಿಗೆ ಮಾರಿದ್ರೆ ಏನೂ ಗಿಟ್ಟಲ್ಲ, 8ಕ್ಕೆ ಮಾರಿದ್ರೆ 64 ಬಂದು 24 ಲಾಭ. ಈ ಲೆಕ್ಕನ ನೀವು ಹೇಳ್ಕೊಡ್ಬೇಡಿ ದಯವಿಟ್ಟು, ಸಾಯಂಕಾಲ ಗಲ್ಲಾ ಡಬ್ಬಿ ಸುರ್ಕೊಂಡು ಎಣಿಸುವಾಗ ದುಡ್ಡು ಯಾಕೆ ಕಮ್ಮಿ ಬಂತು ಅಂತ ಅದೇ ತಲೆ ಕೆರ್ಕೊಳ್ಲಿ, ಆಗ ಹತ್ತಿದ್ದು ಮರೆಯಲ್ಲ. ಬೆಲೆನೂ ಅದೇ ಇಡ್ಲಿ. 50 ರೂಪಾಯಿ ಅಂತ ಬರೆದ್ರೂ ಬಿಡಿ, ಗಿರಾಕಿ ಬರ್ದೇ ಇದ್ದಾಗ ತಾನೇ ಇಳಿಸತ್ತೆ.

ಚಿಲ್ಲರೆ ಕೊಡಕ್ಕೆ ಕಳೆಯೋ ಲೆಕ್ಕ ಬೇಡ, ಮೇಲಕ್ಕೆ ಎಣಿಸೋದು ತೋರ್ಸಿ. 8 ರೂಪಾಯಿ ಮಜ್ಜಿಗೆಗೆ ಗಿರಾಕಿ 20 ಕೊಟ್ರೆ "ಎಂಟು" ಅಂತ ಶುರು ಮಾಡಿ, ಎರಡ್ರೂಪಾಯಿ ಇಟ್ಟು "ಹತ್ತು", ಹತ್ರೂಪಾಯಿ ಇಟ್ಟು "ಇಪ್ಪತ್ತು".

ಬಂದೋರು, ಅದ್ರಲ್ಲೂ ಮಾವ ಚಿಕ್ಕಪ್ಪಂದಿರು, ಪ್ರೀತಿಗೆ 100 ರೂಪಾಯಿ ಕೊಟ್ಟು "ಇಟ್ಕೋ ಪುಟ್ಟಾ" ಅಂತಾರೆ. ಮೊದಲೇ ಹೇಳ್ಬಿಡಿ, 8 ರೂಪಾಯಿ ಅಂದ್ರೆ 8 ರೂಪಾಯಿ, ಇಲ್ದಿದ್ರೆ ಮಗು ಬರ್ಕೊಳೋ ಲೆಕ್ಕದ ಪುಸ್ತಕಕ್ಕೆ ಬೆಲೆನೇ ಇರಲ್ಲ. ತಾತ ಸಾಲ ಕೇಳಿದ್ರೆ ಸಾಲ ಅಂತಾನೇ ಬರ್ಕೊಳ್ಲಿ, ವಸೂಲಿನೂ ಅದೇ ಮಾಡ್ಲಿ. ಚಾಕು ಕೆಲಸ ಮಾತ್ರ ದೊಡ್ಡೋರದ್ದು, ಟೇಬಲ್ ಕಾಂಪೌಂಡ್ ಒಳಗೇ ಇರ್ಲಿ, ರೋಡಿಗೆ ಬೇಡ. ರಾಮನವಮಿ ದಿನ ಮಾರೋದು ಬೇಡ, ಅವತ್ತು ಪಾನಕ ಮಜ್ಜಿಗೆ ಹಂಚೋ ದಿನ, ಹಂಚ್ಲಿ.

ಬಂದ ದುಡ್ಡಲ್ಲಿ ನಾಳೆ ಮೊಸರಿನ ದುಡ್ಡು ಮೊದಲು ಎತ್ತಿಡ್ಸಿ, ಮಿಕ್ಕಿದ್ದು ಅದರಿಷ್ಟ. ಡಬ್ಬಿ ತುಂಬಿದ್ರೆ ಬ್ಯಾಂಕಿಗೆ ಕರ್ಕೊಂಡು ಹೋಗಿ, 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ನಡೆಸಕ್ಕೆ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಅವಕಾಶ ಇದೆ, ಅದಕ್ಕಿಂತ ಚಿಕ್ಕೋರಾದ್ರೆ ಅಪ್ಪನೋ ಅಮ್ಮನೋ ಜೊತೆಗಿರ್ಬೇಕು. ಚಲನ್ ಮಾತ್ರ ಅದರ ಕೈಲೇ ಬರೆಸಿ.